ಕೆಮ್ಮಿಲ್ಲ, ನೆಗಡಿಯಿಲ್ಲ, ಜ್ವರ ಮಾತ್ರ ಇಳಿಯಲಿಲ್ಲ

ನಿನ್ನೆ ರಾತ್ರಿ ಮಗಳಿಗೆ ಆ್ಯಂಟಿಬಯಾಟಿಕ್‌ನ ಕೊನೆಯ ಡೋಸ್ ಕೊಟ್ಟೆವು. ಎಂಟು ತಿಂಗಳ ಕೂಸು. ಎರಡು ವಾರದ ಹಿಂದೆ ಶುರುವಾದ ಜ್ವರ ನಮ್ಮನ್ನು ಎಲ್ಲೆಲ್ಲಿಗೋ ಸುತ್ತಾಡಿಸಿತು. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅಂತ ಕೂತಿದ್ದೇನೆ. ಆ ಐದು ದಿನ ನಾನು ರಾತ್ರಿಯೆಲ್ಲ ಹುಡುಕಿದ್ದು ಇಂಥದ್ದೇ ಒಂದು ಬರಹಕ್ಕಾಗಿ. ಸಿಕ್ಕಿದ್ದೆಲ್ಲ ಒಂದೋ ತೀರಾ ಹೆದರಿಸುವಂಥದ್ದು, ಇಲ್ಲ 'ಏನಿಲ್ಲ ಬಿಡಿ' ಅನ್ನುವಂಥದ್ದು.

ಮೊದಲೇ ಒಂದು ಮಾತು. ನಿಮ್ಮ ಮಗು ಮೂರು ತಿಂಗಳಿಗಿಂತ ಚಿಕ್ಕದಿದ್ದು ಜ್ವರ 100.4 ಡಿಗ್ರಿ (38 ಸೆಲ್ಸಿಯಸ್) ಮುಟ್ಟಿದ್ದರೆ ಇದನ್ನು ಓದುತ್ತ ಕೂರಬೇಡಿ, ಈಗಲೇ ಡಾಕ್ಟರ್ ಹತ್ತಿರ ಹೋಗಿ. ಅಷ್ಟು ಸಣ್ಣ ಮಕ್ಕಳಲ್ಲಿ 'ಎರಡು ದಿನ ನೋಡೋಣ' ಅನ್ನುವ ಲೆಕ್ಕ ನಡೆಯುವುದಿಲ್ಲ. ನಮ್ಮ ಮಗಳಿಗೆ ಎಂಟು ತಿಂಗಳು ತುಂಬಿತ್ತು, ಹಾಗಾಗಿ ನಮಗೆ ಕಾಯಲು ಹೇಳಿದರು.

ಶುರುವಾದದ್ದು ಭಾನುವಾರ ರಾತ್ರಿ. ಹಾಲು ಕುಡಿಸುತ್ತಿದ್ದ ಹೆಂಡತಿ, "ಇವಳ ಬಾಯಿ ಯಾಕೋ ಬಿಸಿ ಇದೆ, ನೋಡಿ" ಅಂದಳು. ಹಣೆ ಮುಟ್ಟಿದೆ, ಸುಡುತ್ತಿತ್ತು. ಹಣೆಗೆ ಹಿಡಿಯುವ ಥರ್ಮಾಮೀಟರ್ 99.4 ತೋರಿಸಿತು. ಕಂಕುಳಲ್ಲಿ ಇಡುವ ಡಿಜಿಟಲ್ ಥರ್ಮಾಮೀಟರ್ 101.8 ಅಂದಿತು. ಯಾವುದು ನಿಜ? ಇದೇ ವಿಷಯಕ್ಕೆ ನಡುರಾತ್ರಿಯಲ್ಲಿ ನಾವಿಬ್ಬರೂ ಜಗಳವಾಡಿದೆವು. ಅವಳು ಹೆಚ್ಚು ತೋರಿಸಿದ್ದನ್ನು ನಂಬಿದಳು, ನಾನು ಕಡಿಮೆ ತೋರಿಸಿದ್ದನ್ನು. ನನಗೆ ಬೇಕಾಗಿದ್ದದ್ದು ನಿದ್ದೆ, ಅಷ್ಟೇ. ಆಮೇಲೆ ಡಾಕ್ಟರ್ ಹೇಳಿದರು: ಕಂಕುಳಲ್ಲಿ ನೋಡಿದರೆ ಒಳಗಿನ ಬಿಸಿಗಿಂತ ಸ್ವಲ್ಪ ಕಡಿಮೆಯೇ ಬರುತ್ತದೆ, ಹಣೆಯದ್ದು ಸರಿಯಾಗಿ ಹಿಡಿಯದಿದ್ದರೆ ಏನೇನೋ ತೋರಿಸುತ್ತದೆ, ಒಂದೇ ಥರ್ಮಾಮೀಟರ್‌ನಲ್ಲಿ ಒಂದೇ ಜಾಗದಲ್ಲಿ ನೋಡಿ ಬರೆದಿಡಿ, ಆಗ ಹೋಲಿಸಲು ಬರುತ್ತದೆ ಅಂತ. ಹಣೆಯದ್ದನ್ನು ಡ್ರಾಯರಿಗೆ ಎಸೆದೆ.

ಅಮ್ಮನಿಗೆ ಫೋನ್ ಮಾಡಿದೆ. "ಹಲ್ಲು ಬರ್ತಿದೆ ಕಣೋ, ಅದಕ್ಕೇ ಮೈ ಬಿಸಿ" ಅಂದಳು. ನಂಬಿಬಿಟ್ಟೆ. ಹಲ್ಲು ಬರುವಾಗ ಮೈ ಒಂಚೂರು ಬೆಚ್ಚಗಾಗಬಹುದೇ ಹೊರತು 102 ಜ್ವರ ಬರುವುದಿಲ್ಲ. ಇದು ಗೊತ್ತಾದದ್ದು ಮಾರನೆಯ ದಿನ.

ಸೋಮವಾರ ಬೆಳಿಗ್ಗೆ 102.6. ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಎದೆ, ಕಿವಿ, ಗಂಟಲು ಎಲ್ಲ ನೋಡಿದರು. "ಗಂಟಲು ಸ್ವಲ್ಪ ಕೆಂಪಿದೆ, ವೈರಲ್ ಇರಬಹುದು. ಮೂರು ದಿನ ನೋಡೋಣ" ಅಂದರು. ಆಮೇಲೆ ಆದದ್ದನ್ನು ನೆನೆದರೆ ಸಿಟ್ಟು ಬರುತ್ತಿತ್ತು, ಆದರೆ ಈಗ ಯೋಚಿಸಿದರೆ ಅವರು ಹೇಳಿದ್ದು ತಪ್ಪಲ್ಲ. ಮಕ್ಕಳ ಜ್ವರ ಹೆಚ್ಚಿನ ಸಲ ವೈರಸ್ಸಿನದ್ದೇ, ತಾನಾಗಿ ಹೋಗುತ್ತದೆ. ಮೊದಲ ದಿನವೇ ಎಲ್ಲ ಮಕ್ಕಳಿಗೂ ಸೂಜಿ ಚುಚ್ಚುತ್ತ ಕೂರಲು ಆಗುತ್ತದೆಯೇ? ಜೊತೆಗೆ ಅವರು ಒಂದು ಒಳ್ಳೆಯ ಕೆಲಸ ಮಾಡಿದರು. ಯಾವ ಲಕ್ಷಣ ಕಂಡರೆ ಕಾಯದೆ ಬರಬೇಕು ಅಂತ ಚೀಟಿಯ ಹಿಂದೆ ಬರೆದುಕೊಟ್ಟರು: ಹಾಲು ಕುಡಿಯದಿದ್ದರೆ, ಎಂಟು ಗಂಟೆ ಡೈಪರ್ ಒದ್ದೆಯಾಗದಿದ್ದರೆ, ಉಸಿರಾಡುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬಿದ್ದರೆ, ಎಬ್ಬಿಸಿದರೂ ಸರಿಯಾಗಿ ಏಳದಿದ್ದರೆ, ನೆತ್ತಿ ಉಬ್ಬಿದ್ದರೆ ಅಥವಾ ಒಳಗಿಳಿದಿದ್ದರೆ, ಗಾಜಿನ ಲೋಟ ಒತ್ತಿ ನೋಡಿದರೂ ಮಾಸದ ಕೆಂಪು ಕಲೆ ಮೈಮೇಲೆ ಬಂದರೆ, ಫಿಟ್ಸ್ ಬಂದರೆ. ಆ ಚೀಟಿಯನ್ನು ಫ್ರಿಜ್ಜಿಗೆ ಅಂಟಿಸಿದೆವು. ರಾತ್ರಿ ತಲೆ ಓಡದಿದ್ದಾಗ ಅದನ್ನು ಓದುವುದೇ ಸಮಾಧಾನ.

ಫಿಟ್ಸ್ ಅಂದಾಗ ಹೆಂಡತಿಯ ಮುಖ ಬಿಳಿಚಿಕೊಂಡಿತು. "ಬಂದರೆ ಏನು ಮಾಡಬೇಕು?" ಅಂತ ಅಲ್ಲೇ ಕೇಳಿದ್ದು ಒಳ್ಳೆಯದಾಯಿತು. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ ಎರಡರಿಂದ ಐದು ಮಕ್ಕಳಿಗೆ ಜ್ವರದ ಫಿಟ್ಸ್ ಬರುವುದುಂಟಂತೆ. ನೋಡಲು ಭಯಂಕರವಾಗಿದ್ದರೂ ಹೆಚ್ಚಿನ ಸಲ ಮಿದುಳಿಗೆ ತೊಂದರೆಯಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಬೇಕು, ಬಾಯಿಗೆ ಚಮಚ, ನೀರು, ಬೆರಳು ಏನನ್ನೂ ಹಾಕಬಾರದು, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಂಬ್ಯುಲೆನ್ಸ್. ನಿಂತರೂ ಮೊದಲ ಸಲವಾದರೆ ಆಸ್ಪತ್ರೆಗೆ ತೋರಿಸಲೇಬೇಕು. ನಮಗೆ ಅದು ಬರಲಿಲ್ಲ, ಸದ್ಯ.

ನಾವು ಮಾಡಿಕೊಂಡ ದೊಡ್ಡ ಎಡವಟ್ಟು ಸೋಮವಾರ ರಾತ್ರಿಯದು. ಪ್ಯಾರಾಸಿಟಮಾಲ್ ಹನಿ ಔಷಧಿ ಮುಗಿದಿತ್ತು. ರಾತ್ರಿಯೇ ಅಂಗಡಿಗೆ ಹೋದೆ, ಅಲ್ಲಿ ಹನಿ ಔಷಧಿ ಇರಲಿಲ್ಲ, ಸಿರಪ್ ಕೊಟ್ಟರು. ಅದೇ ಔಷಧಿ ಅಲ್ವಾ ಅಂತ ಹಿಂದಿನಂತೆಯೇ 1 ಎಂಎಲ್ ಕುಡಿಸಿದೆವು. ಒಂದು ಗಂಟೆಯಾದರೂ ಜ್ವರ ಇಳಿಯಲಿಲ್ಲ. ಎರಡು ಗಂಟೆಯಾದರೂ ಇಳಿಯಲಿಲ್ಲ, 103 ಆಯಿತು. 'ಔಷಧಿಗೂ ಬಗ್ಗುತ್ತಿಲ್ಲ' ಅಂತ ಹೆಂಡತಿ ಅಳತೊಡಗಿದಳು. ನಾನು ಫೋನಿನಲ್ಲಿ ಹುಡುಕಿ ಇನ್ನಷ್ಟು ಹೆದರಿದೆ. ಕೊನೆಗೆ ಎರಡೂ ಬಾಟಲಿಗಳನ್ನು ಪಕ್ಕಪಕ್ಕ ಇಟ್ಟು ಟಾರ್ಚ್ ಹಾಕಿ ಓದಿದೆ. ಹನಿ ಔಷಧಿಯಲ್ಲಿ 1 ಎಂಎಲ್‌ಗೆ 100 ಮಿಲಿಗ್ರಾಂ. ಸಿರಪ್‌ನಲ್ಲಿ 5 ಎಂಎಲ್‌ಗೆ 120. ಅಂದರೆ ನಾವು ಕೊಟ್ಟದ್ದು ಬರೀ 24 ಮಿಲಿಗ್ರಾಂ, ಎಂಟು ಕಿಲೋ ತೂಗುವ ಮಗುವಿಗೆ ಬೇಕಾದದ್ದರ ಕಾಲು ಭಾಗವೂ ಸರಿಯಾಗಿ ಇಲ್ಲ.

ನಮ್ಮದು ಕಡಿಮೆಯಾಯಿತು, ಬಚಾವಾದೆವು. ತಿರುಗಾಮುರುಗಾ ಆಗಿದ್ದರೆ? ಸಿರಪ್ ಅಳತೆಯಲ್ಲಿ ನಾಲ್ಕು ಎಂಎಲ್ ಹನಿ ಔಷಧಿ ಕುಡಿಸಿದ್ದರೆ ಅದು 400 ಮಿಲಿಗ್ರಾಂ, ಹಾಗೇ ಮತ್ತೆ ಮತ್ತೆ ಕೊಟ್ಟರೆ ಲಿವರ್‌ಗೆ ಅಪಾಯ ತರುವಷ್ಟು ಜಾಸ್ತಿ. ಹಾಗಾಗಿ ಎಂಎಲ್ ಲೆಕ್ಕ ಬಾಯಿಪಾಠ ಮಾಡಬೇಡಿ, ಮಿಲಿಗ್ರಾಂ ಕೇಳಿ ಬರೆಸಿಕೊಳ್ಳಿ. ಸಾಮಾನ್ಯವಾಗಿ ಮಗುವಿನ ತೂಕದ ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಕಡಿಮೆಯೆಂದರೂ ನಾಲ್ಕರಿಂದ ಆರು ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಹೆಚ್ಚಿಲ್ಲ ಅಂತ ನಮಗೆ ಹೇಳಿದರು. ನಿಮ್ಮ ಮಗುವಿನ ಲೆಕ್ಕವನ್ನು ನಿಮ್ಮ ಡಾಕ್ಟರ್ ಹತ್ತಿರವೇ ಬರೆಸಿಕೊಳ್ಳಿ. ಅಡುಗೆಮನೆಯ ಚಮಚ ಬೇಡ, ಸೂಜಿಯಿಲ್ಲದ ಸಿರಿಂಜ್ ಒಳ್ಳೆಯದು. ಆಸ್ಪಿರಿನ್ ಅಂತೂ ಮಕ್ಕಳಿಗೆ ಕೊಡಲೇಬಾರದು.

ಆ ರಾತ್ರಿಯೇ ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳ ಹಾಳೆ ಹರಿದು, ಹಿಂಬದಿಯಲ್ಲಿ ಗೆರೆ ಎಳೆದು ಬರೆಯತೊಡಗಿದೆ. ಗಂಟೆ, ಜ್ವರ, ಯಾವ ಔಷಧಿ, ಎಷ್ಟು, ಹಾಲು ಕುಡಿದಳಾ, ಡೈಪರ್ ಒದ್ದೆಯಾ. ಮುಂದೆ ಎಲ್ಲ ಡಾಕ್ಟರುಗಳೂ ಮೊದಲು ಕೈಗೆತ್ತಿಕೊಂಡದ್ದು ಆ ಹಾಳೆಯನ್ನೇ. "ಎಷ್ಟು ದಿನದಿಂದ ಜ್ವರ?" ಅಂದಾಗ ನಾನೊಂದು, ಹೆಂಡತಿಯೊಂದು ಹೇಳುವುದು ತಪ್ಪಿತು.

ಮಂಗಳವಾರ ಹಾಗೇ ಹೋಯಿತು. ಔಷಧಿ ಕೊಟ್ಟರೆ 100ಕ್ಕೆ ಇಳಿಯುವುದು, ಐದು ಗಂಟೆ ಕಳೆದರೆ ಮತ್ತೆ 102. ಇಳಿದಾಗ ನಗುತ್ತಿದ್ದಳು, ಏರಿದಾಗ ಹೆಗಲ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿರುತ್ತಿದ್ದಳು. ತಣ್ಣೀರು ಬಟ್ಟೆ ಹಾಕಿ ಅಂತ ನಾಲ್ಕು ಜನ ಹೇಳಿದರು. ಹಾಕಿದೆವು ಕೂಡ. ನಡುಗಿ ಅತ್ತಳು, ಬಿಟ್ಟುಬಿಟ್ಟೆವು. ಚರ್ಮ ತಣ್ಣಗಾಗಿ ನಡುಕ ಬಂದರೆ ಒಳಗಿನ ಬಿಸಿ ಇನ್ನೂ ಏರುತ್ತದಂತೆ. ತೆಳು ಬಟ್ಟೆ, ಪದೇಪದೇ ಹಾಲು, ಅಷ್ಟು ಸಾಕು.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತಿತ್ತು. ವೈರಲ್ ಅಂದರೆ ಮೂಗು ಸೋರಬೇಕಿತ್ತು, ಕೆಮ್ಮಬೇಕಿತ್ತು, ಭೇದಿಯಾಗಬೇಕಿತ್ತು. ಇವಳಿಗೆ ಏನೂ ಇಲ್ಲ. ಬರೀ ಜ್ವರ. ಬುಧವಾರ ಬೆಳಿಗ್ಗೆ ಮತ್ತೆ ಹೋದಾಗ ಡಾಕ್ಟರ್‌ಗೂ ಅದೇ ಅನಿಸಿತು. "ಇಷ್ಟು ಚಿಕ್ಕ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಬೇರೆ ಕಾರಣ ಕಾಣದಿದ್ದರೆ ಮೂತ್ರದ ಸೋಂಕು ಇದೆಯಾ ಅಂತ ನೋಡಲೇಬೇಕು" ಅಂದರು. ದೊಡ್ಡವರಿಗಾದರೆ ಉರಿ ಅಂತ ಹೇಳುತ್ತೇವೆ. ಕೂಸು ಏನು ಹೇಳೀತು? ಅದಕ್ಕೆ ಜ್ವರವೊಂದೇ ಭಾಷೆ.

ಮೂತ್ರ ಪರೀಕ್ಷೆ ಅಂದರೆ ಸುಲಭ ಅಂದುಕೊಂಡಿದ್ದೆ. ಎಂಟು ತಿಂಗಳ ಮಗುವಿನ ಉಚ್ಚೆ ಹಿಡಿಯುವುದಿದೆಯಲ್ಲ, ಅದು ಬೇರೆಯದೇ ಕಥೆ. ಸಣ್ಣ ಪ್ಲಾಸ್ಟಿಕ್ ಚೀಲ, ಅದರ ಬಾಯಿಗೆ ಅಂಟು. ಚೆನ್ನಾಗಿ ತೊಳೆದು ಒರೆಸಿ ಅಂಟಿಸಿದರು. ಇಬ್ಬರೂ ಎದುರು ಕೂತು ಚೀಲವನ್ನೇ ನೋಡುತ್ತಿದ್ದೆವು. ನಲವತ್ತು ನಿಮಿಷ ಏನಿಲ್ಲ. ಹೆಂಡತಿ ಹಾಲು ಕುಡಿಸಿದಳು. ಮಗಳು ಕಾಲು ಝಾಡಿಸಿದಳು, ಅಂಟು ಬಿಟ್ಟಿತು, ಆ ಗಳಿಗೆಯಲ್ಲೇ ಸುರಿಸಿದಳು, ನನ್ನ ಪ್ಯಾಂಟಿನ ಮೇಲೆ. ಎರಡನೇ ಚೀಲ. ಅದು ತುಂಬಿತು, ಆದರೆ ಒಂದೂವರೆ ಗಂಟೆಯ ನಂತರ, ಅಷ್ಟರಲ್ಲಿ ಒಂಚೂರು ಕಕ್ಕಸೂ ತಾಗಿರಬಹುದು ಅಂತ ಹೆಂಡತಿ ಅನುಮಾನಪಟ್ಟಳು. "ನಡೆಯುತ್ತೆ ಬಿಡಿ" ಅಂದರು ಲ್ಯಾಬಿನವರು. ನಾನೂ ಸುಮ್ಮನಾದೆ. ಅಲ್ಲಿ ಸುಮ್ಮನಾಗಬಾರದಿತ್ತು.

ಸಂಜೆ ಬಂದ ಮೊದಲ ವರದಿಯಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು, ಅಂದರೆ ಪಸ್ ಸೆಲ್‌ಗಳು ಇದ್ದವು, ಆದರೆ ಸೋಂಕು ಅಂತ ಖಚಿತವಾಗಿ ಹೇಳುವಷ್ಟಲ್ಲ. ಕಲ್ಚರ್ ವರದಿಗೆ ಕಾಯಿರಿ ಅಂದರು. ಮೂತ್ರವನ್ನು ತಟ್ಟೆಯಲ್ಲಿಟ್ಟು ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವುದು ಅದು. ಅವಸರ ಮಾಡಿದರೆ ಬೆಳೆಯುವುದಿಲ್ಲ, ಒಂದೆರಡು ದಿನ ಬೇಕೇ ಬೇಕು. ಗುರುವಾರ ಇಡೀ ದಿನ ಜ್ವರ, ಹಾಳೆ, ಫೋನ್. ಶುಕ್ರವಾರ ಬೆಳಿಗ್ಗೆ ವರದಿ ಬಂತು: ಮೂರು ನಾಲ್ಕು ಬಗೆಯ ಬ್ಯಾಕ್ಟೀರಿಯಾ ಒಟ್ಟಿಗೆ ಬೆಳೆದಿವೆ, ಸ್ಯಾಂಪಲ್ ಕೆಟ್ಟಿದೆ, ಮತ್ತೆ ಕಳಿಸಿ.

ಆಗ ಬಂದ ಸಿಟ್ಟನ್ನು ಹೇಳಲಾರೆ. ಎರಡು ದಿನ ನೀರಿನಲ್ಲಿ ಹೋಮ ಮಾಡಿದಂತಾಗಿತ್ತು. ಚೀಲದಲ್ಲಿ ಹಿಡಿದ ಮೂತ್ರಕ್ಕೆ ಚರ್ಮದ ಮೇಲಿನ ಬ್ಯಾಕ್ಟೀರಿಯಾ ಸೇರಿಕೊಳ್ಳುವುದು ತೀರಾ ಮಾಮೂಲಂತೆ. ಅದರಲ್ಲಿ ಏನೂ ಇಲ್ಲ ಅಂತ ಬಂದರೆ ನಂಬಬಹುದು, ಇದೆ ಅಂತ ಬಂದರೆ ನಂಬಲಾಗದು. ಕಲ್ಚರ್‌ಗೆ ಕಳಿಸುವುದಾದರೆ ತೆಳುವಾದ ನಳಿಗೆ ಹಾಕಿ ತೆಗೆಯಬೇಕು, ಇಲ್ಲವೇ ಮಗು ಉಚ್ಚೆ ಹೊಯ್ಯುವಾಗ ನಡುವಿನ ಧಾರೆಯನ್ನು ನೇರವಾಗಿ ಸ್ಟೆರೈಲ್ ಡಬ್ಬಿಗೆ ಹಿಡಿಯಬೇಕು. ನಿಮಗೆ ಚೀಲ ಕೊಟ್ಟರೆ, "ಇದನ್ನು ಕಲ್ಚರ್‌ಗೆ ಕಳಿಸ್ತೀರಾ?" ಅಂತ ಒಂದು ಮಾತು ಕೇಳಿ. ಈ ಒಂದು ಪ್ರಶ್ನೆ ಬುಧವಾರವೇ ಕೇಳಿದ್ದರೆ ನಮಗೆ ಎರಡು ದಿನ ಉಳಿಯುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಮಕ್ಕಳ ವಾರ್ಡ್ ಇರುವ ಆಸ್ಪತ್ರೆಗೆ ಹೋದೆವು. ಐದನೇ ದಿನ. ಅಲ್ಲಿನ ಡಾಕ್ಟರ್ ಕ್ಯಾಲೆಂಡರ್ ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಆಮೇಲೆ ಮಗುವಿನ ಕಣ್ಣು ಕೆಂಪಿದೆಯಾ, ತುಟಿ ಒಡೆದಿದೆಯಾ, ನಾಲಿಗೆ ಹೇಗಿದೆ, ಅಂಗೈ ಅಂಗಾಲು ಊದಿದೆಯಾ, ಕುತ್ತಿಗೆಯಲ್ಲಿ ಗಂಟಿದೆಯಾ, ಮೈಮೇಲೆ ದದ್ದು ಇದೆಯಾ ಅಂತ ಒಂದೊಂದನ್ನೇ ನೋಡಿದರು. ಯಾಕೆ ಅಂತ ಕೇಳಿದೆ. ಐದು ದಿನ ದಾಟಿದ ಜ್ವರದಲ್ಲಿ ಕವಾಸಾಕಿ ಕಾಯಿಲೆ ಇರಬಹುದಾ ಅಂತ ನೋಡಲೇಬೇಕಂತೆ. ಜಪಾನಿನ ಮಕ್ಕಳ ಡಾಕ್ಟರ್ ತೊಮಿಸಾಕು ಕವಾಸಾಕಿ 1967ರಲ್ಲಿ ಇದರ ಬಗ್ಗೆ ಬರೆದರು, ಅದಕ್ಕೇ ಆ ಹೆಸರು. ಹೃದಯದ ರಕ್ತನಾಳಗಳಿಗೆ ಪೆಟ್ಟು ಕೊಡುವ ಕಾಯಿಲೆ, ಜ್ವರ ಶುರುವಾದ ಹತ್ತು ದಿನದೊಳಗೆ ಚಿಕಿತ್ಸೆ ಕೊಟ್ಟರೆ ಆ ಅಪಾಯ ಬಹಳ ಕಡಿಮೆಯಾಗುತ್ತದೆ. ನಮ್ಮ ಮಗಳಿಗೆ ಆ ಲಕ್ಷಣ ಯಾವುದೂ ಇರಲಿಲ್ಲ. ಆದರೆ 'ಐದು ದಿನ' ಅನ್ನುವ ಗಡಿ ಯಾಕೆ ಮುಖ್ಯ ಅನ್ನುವುದು ಆಗ ಅರ್ಥವಾಯಿತು. ವೈರಲ್ ಅಂತ ಹೇಳಿಕೊಂಡು ವಾರಗಟ್ಟಲೆ ಎಳೆಯಬೇಡಿ.

ನಳಿಗೆ ಹಾಕುವಾಗ ನನ್ನನ್ನು ಹೊರಗೆ ಕಳಿಸಿದರು. ಹೆಂಡತಿ ಒಳಗಿದ್ದಳು. ಬಾಗಿಲ ಹೊರಗೆ ಕೇಳಿದ ಅಳು ಎರಡು ನಿಮಿಷದ್ದು ಇರಬಹುದು. ನನಗೆ ಅದಕ್ಕಿಂತ ಜಾಸ್ತಿ ಅನಿಸಿತು. ಆಮೇಲೆ ರಕ್ತ, ಆಮೇಲೆ ಡ್ರಿಪ್‌ಗೆ ಕೈಯಲ್ಲಿ ಸೂಜಿ. ಮೊದಲ ಎರಡು ಸಲ ನರ ಸಿಗಲಿಲ್ಲ. ಮೂರನೇ ಸಲ ಎಡಗೈಯಲ್ಲಿ ಸಿಕ್ಕಿತು. ಅಲ್ಲಾಡದಿರಲಿ ಅಂತ ಒಂದು ಪಟ್ಟಿ ಕಟ್ಟಿ ಬ್ಯಾಂಡೇಜ್ ಸುತ್ತಿದರು, ಕೈ ಬಿಳಿ ಸೌಟಿನ ಹಾಗೆ ಕಾಣುತ್ತಿತ್ತು.

ಒಂದು ಗಂಟೆಯಲ್ಲಿ ಉತ್ತರ ಬಂತು. ಮೂತ್ರದಲ್ಲಿ ಪಸ್ ಸೆಲ್ ತುಂಬಾ, ನೈಟ್ರೈಟ್ (ಬ್ಯಾಕ್ಟೀರಿಯಾ ಇರುವ ಸೂಚನೆ) ಪಾಸಿಟಿವ್, ರಕ್ತದಲ್ಲಿ ಸೋಂಕು, ಉರಿಯೂತ ತೋರಿಸುವ ಸಿಆರ್‌ಪಿ ಏರಿದೆ. ಸೋಂಕು ಕಿಡ್ನಿಯವರೆಗೆ ಹೋಗಿರಬಹುದು, ಅಡ್ಮಿಟ್ ಮಾಡಿ ಅಂದರು. ವಿಚಿತ್ರ ಅಂದರೆ, 'ಕಿಡ್ನಿ' ಅನ್ನುವ ಮಾತು ಕೇಳಿ ಹೆದರಬೇಕಾದ ನಮಗೆ ಹಗುರವಾಯಿತು. ಐದು ದಿನದ ಮೇಲೆ ಜ್ವರಕ್ಕೆ ಒಂದು ಹೆಸರು ಸಿಕ್ಕಿತ್ತು. ಹೆಂಡತಿ ಅಲ್ಲೇ ಕುರ್ಚಿಯಲ್ಲಿ ಕೂತು ಹತ್ತು ನಿಮಿಷ ನಿದ್ದೆ ಹೋದಳು.

ಅಂದು ಸಂಜೆ ಡ್ರಿಪ್‌ನಲ್ಲಿ ಆ್ಯಂಟಿಬಯಾಟಿಕ್ ಶುರುವಾಯಿತು. ಮೊದಲ ಡೋಸ್ ಆದ ತಕ್ಷಣ ಜ್ವರ ಹೋಗುತ್ತದೆ ಅಂತ ಕಾದವರು ನಾವು. ಶುಕ್ರವಾರ ರಾತ್ರಿ 103 ಬಂದಾಗ ಸಿಸ್ಟರ್‌ನ ಕರೆದೆ. "ಒಂದೆರಡು ದಿನ ಬೇಕು ಸರ್, ಈಗಲೇ ಗಾಬರಿ ಬೇಡ" ಅಂದರು. ಶನಿವಾರ ಜ್ವರದ ನಡುವಿನ ಅಂತರ ಹೆಚ್ಚಾಯಿತು. ಹೊಟ್ಟೆಯ ಸ್ಕ್ಯಾನ್ ಮಾಡಿದರು, ಕಿಡ್ನಿ ಮೂತ್ರಕೋಶದಲ್ಲಿ ಹುಟ್ಟಿನಿಂದ ಏನಾದರೂ ತೊಡಕಿದೆಯಾ ಅಂತ ನೋಡಲು. ಏನೂ ಇರಲಿಲ್ಲ. ಭಾನುವಾರ ಬೆಳಿಗ್ಗೆ 98.6. ಮಗಳು ಸೌಟಿನ ಕೈಯನ್ನು ಮಂಚದ ಸರಳಿಗೆ ಟಣಟಣ ಬಡಿಯುತ್ತ ಕೂತಿದ್ದಳು. ಪಕ್ಕದ ಮಂಚದ ಮಗು ಎದ್ದುಬಿಡುತ್ತದೆ ಅಂತ ತಡೆದರೆ ಇನ್ನೂ ಜೋರಾಗಿ ಬಡಿದಳು.

ಅವತ್ತೇ ಕಲ್ಚರ್ ಬಂತು. ಒಂದೇ ಬ್ಯಾಕ್ಟೀರಿಯಾ, ಇ. ಕೋಲಿ. ಕರುಳಲ್ಲಿ ಇರುವಂಥದ್ದೇ, ಮೂತ್ರದ ದಾರಿ ಹತ್ತಿದರೆ ಸೋಂಕು. ಮಕ್ಕಳ ಮೂತ್ರದ ಸೋಂಕಿಗೆ ಹೆಚ್ಚಾಗಿ ಇದೇ ಕಾರಣವಂತೆ. ವರದಿಯ ಕೆಳಗೆ ಔಷಧಿಗಳ ಪಟ್ಟಿ, ಒಂದೊಂದರ ಎದುರು 'ಎಸ್' ಅಥವಾ 'ಆರ್'. ಎಸ್ ಅಂದರೆ ಕೆಲಸ ಮಾಡುತ್ತದೆ, ಆರ್ ಅಂದರೆ ಮಾಡುವುದಿಲ್ಲ. ಎರಡು ಮಾಮೂಲಿ ಔಷಧಿಗಳ ಎದುರು ಆರ್ ಇತ್ತು. ಮನೆಯಲ್ಲಿ ಉಳಿದಿದ್ದ ಆ್ಯಂಟಿಬಯಾಟಿಕ್ ಕೊಟ್ಟು ನೋಡಿ ಅಂತ ಒಬ್ಬ ನೆಂಟರು ಗುರುವಾರ ಹೇಳಿದ್ದರು, ಅದರ ಹೆಸರೂ ಆ ಎರಡರಲ್ಲಿ ಒಂದು. ಕೊಟ್ಟಿದ್ದರೆ ಜ್ವರ ಹೋಗುತ್ತಿರಲಿಲ್ಲ. ಕೆಲಸ ಮಾಡುವ ಔಷಧಿಯನ್ನೇ ಅರೆಬರೆ ಕೊಟ್ಟಿದ್ದರೆ ಕಲ್ಚರ್‌ನಲ್ಲಿ ಏನೂ ಬೆಳೆಯದೆ ಕಾರಣವೇ ಸಿಗದಿರಬಹುದಿತ್ತು.

ಸೋಮವಾರ ಡಿಸ್ಚಾರ್ಜ್. ಬೆಳಿಗ್ಗೆ ಹತ್ತಕ್ಕೆ "ಹೋಗಬಹುದು" ಅಂದರು, ಹೊರಗೆ ಬಂದದ್ದು ಸಂಜೆ ಐದಕ್ಕೆ. ತೊಡಕು ಹೆಸರಿನದು. ಹೊರಗಿನ ಲ್ಯಾಬಿನ ವರದಿಯಲ್ಲಿ ತಾಯಿಯ ಹೆಸರು ಹಾಕಿ 'ಇವರ ಮಗು' ಅಂತ ಇತ್ತು, ಆಸ್ಪತ್ರೆಯ ಕಾಗದದಲ್ಲಿ ಮಗುವಿನ ಹೆಸರೇ ಇತ್ತು. ವಿಮೆಯವರು ಇಬ್ಬರೂ ಒಂದೇ ಅಂತ ಒಪ್ಪಲಿಲ್ಲ. ಮೊದಲ ಚೀಟಿಯಿಂದಲೇ ಮಗುವಿನ ಪೂರ್ತಿ ಹೆಸರು, ಹುಟ್ಟಿದ ದಿನಾಂಕ ಬರೆಸಿ. ಚೀಟಿ, ಬಿಲ್, ವರದಿ ಎಲ್ಲದರ ಮೂಲ ಪ್ರತಿ ಒಂದು ಫೈಲಿನಲ್ಲಿರಲಿ, ಲಸಿಕೆ ಕಾರ್ಡೂ ಇರಲಿ. ಹೋದಲ್ಲೆಲ್ಲ ಲಸಿಕೆ ಎಲ್ಲ ಆಗಿದೆಯಾ ಅಂತ ಕೇಳಿದರು. ಖರ್ಚಿನ ಮಾತಿಗೆ ಬಂದರೆ, ಔಷಧಿಗಿಂತ ಕೋಣೆಯ ಬಾಡಿಗೆ, ಪರೀಕ್ಷೆಗಳದ್ದೇ ಜಾಸ್ತಿ. ಕೆಟ್ಟುಹೋದ ಆ ಚೀಲದ ಕಲ್ಚರ್‌ಗೆ ಕೊಟ್ಟ ದುಡ್ಡು ಈಗಲೂ ಹೊಟ್ಟೆ ಉರಿಸುತ್ತದೆ.

ಮನೆಗೆ ಬಂದ ಮೇಲೆ ಬಾಯಿಗೆ ಹಾಕುವ ಔಷಧಿ, ಒಟ್ಟು ಹತ್ತು ದಿನ ತುಂಬುವವರೆಗೆ. ಪುಡಿಯ ಬಾಟಲಿ, ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ ಕುಲುಕಿ ಫ್ರಿಜ್ಜಿನಲ್ಲಿ ಇಡುವಂಥದ್ದು. ಒಂದು ಸಲ ಕೊಟ್ಟ ಹತ್ತು ನಿಮಿಷದಲ್ಲಿ ಪೂರ್ತಿ ಕಕ್ಕಿದಳು. ಫೋನ್ ಮಾಡಿ ಕೇಳಿ ಮತ್ತೆ ಕೊಟ್ಟೆವು. ಕೆನ್ನೆಯ ಒಳಬದಿಗೆ ಸಿರಿಂಜ್ ಇಟ್ಟು ನಿಧಾನಕ್ಕೆ ಬಿಟ್ಟರೆ ಉಗಿಯುವುದು ಕಡಿಮೆ. ಜ್ವರ ಹೋಗಿ ಮೂರು ದಿನವಾಯಿತು, ಇನ್ನು ಯಾಕೆ ಅಂತ ನನಗೇ ಅನಿಸಿತ್ತು. ಹೆಂಡತಿ ನಿಲ್ಲಿಸಲು ಬಿಡಲಿಲ್ಲ.

ಒಮ್ಮೆ ಬಂದವರಿಗೆ ಮತ್ತೆ ಬರಬಹುದು, ಮುಂದೆ ಕಾರಣ ಕಾಣದ ಜ್ವರ ಬಂದರೆ ಮೂರು ದಿನ ಕಾಯಬೇಡಿ, ಒಂದೆರಡು ದಿನದೊಳಗೇ ಮೂತ್ರ ತಂದು ತೋರಿಸಿ ಅಂತ ಡಿಸ್ಚಾರ್ಜ್ ಕಾಗದದಲ್ಲಿ ಬರೆದಿದ್ದಾರೆ. ಹೊರಡುವಾಗ ಸಿಸ್ಟರ್ ಸೀಲ್ ಒಡೆಯದ ಎರಡು ಸ್ಟೆರೈಲ್ ಡಬ್ಬಿ ಕೈಗಿಟ್ಟರು. ತಣ್ಣಗಿನ ಒದ್ದೆ ಹತ್ತಿಬಟ್ಟೆಯಲ್ಲಿ ಕಿಬ್ಬೊಟ್ಟೆಯ ಮೇಲೆ ಮೆಲ್ಲಗೆ ಸವರುತ್ತಿದ್ದರೆ ಕೆಲವು ಮಕ್ಕಳು ಐದು ನಿಮಿಷದೊಳಗೆ ಹೊಯ್ಯುತ್ತಾರೆ, ಡಬ್ಬಿ ಹಿಡಿದು ರೆಡಿ ಇರಿ ಅಂತ ಉಪಾಯವನ್ನೂ ಹೇಳಿಕೊಟ್ಟರು. ಮೊನ್ನೆ ಸುಮ್ನೆ ಅಭ್ಯಾಸಕ್ಕೆ ಅಂತ ಒಂದು ಲೋಟ ಹಿಡಿದು ನೋಡಿದೆ. ಮೂರನೇ ನಿಮಿಷಕ್ಕೇ ಬಂತು, ಲೋಟಕ್ಕೂ ಬಿತ್ತು, ನನ್ನ ತೋಳಿಗೂ ಬಿತ್ತು. ಡಬ್ಬಿಗಳು ಥರ್ಮಾಮೀಟರ್ ಇರುವ ಡ್ರಾಯರಿನಲ್ಲಿವೆ. ಲೋಟವನ್ನು ಹೆಂಡತಿ ಎಸೆದಳು.